ಇಬ್ಬನಿ ಗಿಡ: ಬಡ ನೆಲದ ಬೇಟೆಗಾರ

ಬೆಳ್ತಂಗಡಿಯಿಂದ ಗುರುವಾಯನಕೆರೆಯ ಮೂಲಕ ನಾರಾವಿಯ ಕಡೆಗೆ ಹೋಗುವ ಬಸ್ಸು ಅಳದಂಗಡಿಯನ್ನು ಹಾದುಹೋಗುತ್ತದೆ. ಅಜಿಲ ಅರಸರ ಅರಮನೆ ಇರುವ ಊರು ಎಂದು ನೀವು ಇದರ ಹೆಸರು ಕೇಳಿರಬಹುದು. 1604ರಲ್ಲಿ ವೇಣೂರಿನ ಬಾಹುಬಲಿಯನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲ ಇದೇ ವಂಶದವನು. ಆದರೆ ಇಲ್ಲಿ ಹೇಳಹೊರಟಿರುವುದು ಅರಸರ ವಿಷಯವಲ್ಲ. ಈ ಸೀಮೆಯಲ್ಲಿ ತೋಟ, ಗದ್ದೆ, ಕಾಡುಗಳ ನಡುವೆ ಅಲ್ಲಲ್ಲಿ ಬೋಳು ಮುರಕಲ್ಲಿನ ಪದವುಗಳಿವೆ. ಅಲ್ಲಿ ಆಳದ ಮಣ್ಣಿಲ್ಲ, ದೊಡ್ಡ ಮರಗಳಿಲ್ಲ. ಬೇಸಗೆಯಲ್ಲಿ ಕಾಲಿಟ್ಟರೆ ಸುಡುವ ಕಲ್ಲು, ಮಳೆಗಾಲದಲ್ಲಿ ಪಾದ ಮುಳುಗುವಷ್ಟು ನೀರು. ಏನೂ ಬೆಳೆಯದ ಜಾಗ ಎಂದು ಎಲ್ಲರೂ ಕೈಬಿಟ್ಟ ಇಂಥ ನೆಲದಲ್ಲಿ, ಆಟಿ ಕಳೆದು ಸೋಣ ತಿಂಗಳು ಬಂದಾಗ, ಹುಳ ಹಿಡಿದು ತಿನ್ನುವ ಒಂದು ಪುಟ್ಟ ಗಿಡ ತಲೆಯೆತ್ತುತ್ತದೆ.

ಸಸ್ಯಶಾಸ್ತ್ರದಲ್ಲಿ ಅದರ ಕುಲದ ಹೆಸರು ಡ್ರೊಸೆರ. ಗ್ರೀಕ್ ಭಾಷೆಯಲ್ಲಿ ಇಬ್ಬನಿ ತುಂಬಿದ್ದು ಎಂಬರ್ಥದ ಮಾತಿನಿಂದ ಬಂದ ಹೆಸರು. ಇಂಗ್ಲಿಷಿನವರು ಸನ್‌ಡ್ಯೂ ಎನ್ನುತ್ತಾರೆ. ನಾವು ಇಬ್ಬನಿ ಗಿಡ ಎನ್ನೋಣ. ಹೆಸರಿನಲ್ಲೇ ಅದನ್ನು ಹುಡುಕುವ ಉಪಾಯವೂ ಇದೆ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಹುಲ್ಲಿನ ಮೇಲಿನ ನಿಜವಾದ ಇಬ್ಬನಿ ಆರಿದ ಮೇಲೆ, ಪದವಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಸೂರ್ಯನಿರುವ ದಿಕ್ಕಿಗೆ ನೆಲದ ಮಟ್ಟದಲ್ಲಿ ಕಣ್ಣು ಹಾಯಿಸಿ. ಬಿಸಿಲೇರಿದರೂ ಆರದೆ ಮಿನುಗುವ ಹನಿಗಳು ಕಂಡರೆ ಅದೇ ನಿಮ್ಮ ಗಿಡ. ನಿಂತುಕೊಂಡು ಹುಡುಕಿದರೆ ಸಿಗುವುದಿಲ್ಲ. ಮೆಟ್ಟಿ ಮುಂದೆ ಹೋಗುವ ಸಂಭವವೇ ಹೆಚ್ಚು.

ಪ್ರಪಂಚದಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಇಬ್ಬನಿ ಗಿಡಗಳಿವೆ. ಆಸ್ಟ್ರೇಲಿಯ ಇವುಗಳ ದೊಡ್ಡ ತವರು. ನಮ್ಮ ದೇಶದಲ್ಲಿ ಮುಖ್ಯವಾಗಿ ಕಾಣುವುದು ಮೂರು. ಡ್ರೊಸೆರ ಇಂಡಿಕ ಸಣಕಲು ಕಾಂಡದ ಗಿಡ. ಚೆನ್ನಾಗಿ ಬೆಳೆದರೆ ಗೇಣುದ್ದವಾಗುತ್ತದೆ. ಎಲೆಗಳು ದಾರದಂತೆ ತೆಳ್ಳಗೆ, ಉದ್ದ. ಎಳೆಯ ಎಲೆ ಜರಿಗಿಡದ ಕುಡಿಯಂತೆ ಸುರುಳಿ ಸುತ್ತಿಕೊಂಡು ಹುಟ್ಟಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಹೂವು ನಸುಗೆಂಪು ಅಥವಾ ಬಿಳಿ, ಐದು ದಳ. ಡ್ರೊಸೆರ ಬರ್ಮಾನಿ ಇದಕ್ಕೆ ತದ್ವಿರುದ್ಧ. ಅದು ನೆಲಕ್ಕೆ ಅಂಟಿಕೊಂಡು, ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಎಲೆಗಳನ್ನು ಚಕ್ರಾಕಾರವಾಗಿ ಹರಡಿಕೊಂಡಿರುತ್ತದೆ. ನಡುವಿನಿಂದ ಒಂದು ಸಣ್ಣ ದಂಟು ಎದ್ದು ಬಿಳಿಯ ಹೂ ಬಿಡುತ್ತದೆ. ಮೂರನೆಯದಾದ ಡ್ರೊಸೆರ ಪೆಲ್ಟಾಟ ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲೂ ಹಿಮಾಲಯದಲ್ಲೂ ಸಿಗುತ್ತದೆ. ಮಣ್ಣಿನಡಿ ಪುಟ್ಟ ಗೆಡ್ಡೆ ಇಟ್ಟುಕೊಂಡು ವರ್ಷ ಕಳೆಯುವ ಜಾತಿ ಅದು. ಕರಾವಳಿಯ ಪದವುಗಳಲ್ಲಿ ನೀವು ಹುಡುಕಬೇಕಾದದ್ದು ಮೊದಲಿನ ಎರಡನ್ನು.

ಇನ್ನು ಬೇಟೆಯ ವಿಷಯ. ಒಂದು ಕೈಮಸೂರವಿದ್ದರೆ ಎಲೆಯನ್ನು ನೋಡಿ. ಅದರ ಮೇಲೆಲ್ಲ ಕೆಂಪು ರೋಮಗಳು. ಒಂದೊಂದು ರೋಮದ ತುದಿಯಲ್ಲಿ ಗುಂಡುಸೂಜಿಯ ತಲೆಯಂಥ ಗ್ರಂಥಿ. ಗ್ರಂಥಿಯ ಸುತ್ತ ಒಂದು ತೊಟ್ಟು ಅಂಟುದ್ರವ. ಹಲಸಿನ ಮೇಣ ಕೈಗೆ ಹತ್ತಿದ ಅನುಭವವಿದ್ದವರಿಗೆ ಆ ಅಂಟು ಎಂಥದೆಂದು ವಿವರಿಸಬೇಕಾಗಿಲ್ಲ. ನೊಣವೋ ನುಸಿಯೋ ಇರುವೆಯೋ ಈ ಹೊಳಪಿಗೆ ಮರುಳಾಗಿ ಅಥವಾ ಸುಮ್ಮನೆ ಕಾಲೂರಲೆಂದು ಬಂದು ಕುಳಿತರೆ ಕಾಲು ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಇನ್ನಷ್ಟು ರೋಮಗಳಿಗೆ ತಾಗುತ್ತದೆ. ಕೀಟಗಳು ಉಸಿರಾಡುವುದು ಮೈಯ ಪಕ್ಕದಲ್ಲಿರುವ ಸಣ್ಣ ರಂಧ್ರಗಳಿಂದ. ಅಂಟು ಅವುಗಳನ್ನು ಮುಚ್ಚಿಬಿಡುವುದರಿಂದ ಹುಳ ಉಸಿರು ಕಟ್ಟಿ, ಇಲ್ಲವೆ ಬಳಲಿ ಸಾಯುತ್ತದೆ.

ಅಷ್ಟರಲ್ಲಿ ಸುತ್ತಲಿನ ರೋಮಗಳು ಹುಳದ ಕಡೆಗೆ ಬಾಗತೊಡಗುತ್ತವೆ. ಟಿ.ವಿ.ಯಲ್ಲಿ ಇದನ್ನು ತೋರಿಸುವಾಗ ಸಾಮಾನ್ಯವಾಗಿ ಚಿತ್ರದ ವೇಗವನ್ನು ಹೆಚ್ಚಿಸಿರುತ್ತಾರೆ ಎಂಬುದು ನೆನಪಿರಲಿ. ಇಂಡಿಕದಲ್ಲಿ ಈ ಚಲನೆ ನಿಧಾನ. ತಾಳ್ಮೆಯಿಂದ ಕುಳಿತು ನೋಡಬೇಕು. ಬರ್ಮಾನಿ ಮಾತ್ರ ಚುರುಕು. ಅದರ ಅಂಚಿನ ಉದ್ದ ರೋಮಗಳು ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಮಡಿಚಿಕೊಳ್ಳುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಆಮೇಲೆ ಗ್ರಂಥಿಗಳು ಆಮ್ಲವನ್ನೂ ಕಿಣ್ವಗಳನ್ನೂ ಸುರಿಸುತ್ತವೆ. ನಮ್ಮ ಜಠರದಲ್ಲಿ ನಡೆಯುವಂತೆಯೇ ಹುಳದ ಮೈಯ ಪ್ರೋಟೀನು ಕರಗುತ್ತದೆ. ಆ ರಸವನ್ನು ಎಲೆ ಹೀರಿಕೊಳ್ಳುತ್ತದೆ. ಕೆಲವು ದಿನಗಳ ಬಳಿಕ ರೋಮಗಳು ಮತ್ತೆ ನೆಟ್ಟಗಾಗುತ್ತವೆ. ಉಳಿದ ಒಣ ಸಿಪ್ಪೆ ಗಾಳಿಗೆ ಹಾರಿಹೋಗುತ್ತದೆ.

ಈ ಗಿಡದ ಹುಚ್ಚು ಹಿಡಿಸಿಕೊಂಡವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖ. 1860ರ ಬೇಸಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಬಯಲಿನಲ್ಲಿ ಅಲ್ಲಿನ ಇಬ್ಬನಿ ಗಿಡದ ಎಲೆಗಳಿಗೆ ಎಷ್ಟೊಂದು ಹುಳಗಳು ಅಂಟಿವೆ ಎಂದು ನೋಡಿ ಬೆರಗಾದ. ಜೀವಿಗಳ ಉಗಮವನ್ನು ಕುರಿತ ಅವನ ಪ್ರಸಿದ್ಧ ಪುಸ್ತಕ ಹೊರಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ಜಗತ್ತೆಲ್ಲ ಅದರ ಬಗ್ಗೆ ಜಗಳವಾಡುತ್ತಿದ್ದರೆ, ಆತ ತನಗೆ ಎಲ್ಲ ಜೀವಿಗಳ ಉಗಮಕ್ಕಿಂತ ಈ ಗಿಡವೇ ಹೆಚ್ಚಾಗಿದೆ ಎಂದು ಗೆಳೆಯನಿಗೆ ಕಾಗದ ಬರೆದ! ಹದಿನೈದು ವರ್ಷ ಬಿಟ್ಟು ಬಿಟ್ಟು ಪ್ರಯೋಗ ನಡೆಸಿ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಮಾಂಸದ ಚೂರು, ಮೊಟ್ಟೆಯ ಬಿಳಿಭಾಗ, ಹಾಲು, ಗಾಜಿನ ಪುಡಿ ಹೀಗೆ ಎಲೆಯ ಮೇಲೆ ಇಡದ ವಸ್ತುವಿಲ್ಲ. ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲಿಗಿಂತಲೂ ಹಗುರವಾದ ಕೂದಲಿನ ತುಣುಕು ತಾಗಿದರೂ ರೋಮ ಬಾಗಿತು. ಆದರೆ ಮೇಲಿನಿಂದ ಬೀಳುವ ನೀರಿನ ಹನಿಗೆ ಅದು ಕದಲಲಿಲ್ಲ. ಯೋಚಿಸಿ ನೋಡಿ: ಧೋ ಎಂದು ಮಳೆ ಸುರಿಯುವ ಕಡೆ ಪ್ರತಿ ಹನಿಗೂ ಬಾಗುತ್ತ ಕುಳಿತರೆ ಗಿಡ ಬದುಕುವುದುಂಟೆ? ಗಾಜು, ಮರಳಿನಂಥ ವಸ್ತುವನ್ನಿಟ್ಟರೆ ರೋಮಗಳು ಬಾಗಿದರೂ ಬೇಗನೆ ಬಿಡುತ್ತಿದ್ದವು. ಮಾಂಸವಿಟ್ಟರೆ ದಿನಗಟ್ಟಲೆ ಹಿಡಿದುಕೊಳ್ಳುತ್ತಿದ್ದವು. ಅಂದರೆ ಸಾರಜನಕವಿರುವ ವಸ್ತು ಯಾವುದು, ಇಲ್ಲದ್ದು ಯಾವುದು ಎಂದು ಗಿಡ ಗುರುತಿಸುತ್ತಿತ್ತು.

ಆದರೂ ಹುಳ ತಿಂದದ್ದರಿಂದ ಗಿಡಕ್ಕೆ ಲಾಭವಾಯಿತೆ ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಕೊಟ್ಟವನು ಡಾರ್ವಿನನ ಮಗ ಫ್ರಾನ್ಸಿಸ್. ಆತ ಒಂದೇ ರೀತಿ ಬೆಳೆಸಿದ ಗಿಡಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾಂಸದ ಚೂರು ಕೊಟ್ಟು, ಇನ್ನೊಂದನ್ನು ಉಪವಾಸ ಕೆಡವಿದ. 1878ರಲ್ಲಿ ಪ್ರಕಟವಾದ ಅವನ ಲೆಕ್ಕದಂತೆ ಉಂಡ ಗಿಡಗಳು ಕೊಟ್ಟ ಬೀಜದ ತೂಕ ಉಪವಾಸವಿದ್ದವುಗಳ ಮೂರು ಪಟ್ಟಿಗೂ ಹೆಚ್ಚು. ಉಪವಾಸದ ಗಿಡಗಳು ಸಾಯಲಿಲ್ಲ ಎಂಬುದನ್ನೂ ಗಮನಿಸಿ. ಈ ಸಂಗತಿ ಮುಂದೆ ಆರೈಕೆಯ ಮಾತು ಬಂದಾಗ ಬೇಕಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಇಬ್ಬನಿ ಗಿಡ ಹೊಟ್ಟೆಪಾಡಿಗಾಗಿ ಹುಳ ತಿನ್ನುತ್ತದೆ ಎಂದು ಅನೇಕರು ಬರೆಯುತ್ತಾರೆ. ಅದರ ಎಲೆಯಲ್ಲಿ ಪತ್ರಹರಿತು ಇದೆ. ಉಳಿದ ಗಿಡಗಳಂತೆ ಅದೂ ಬಿಸಿಲು, ನೀರು, ಗಾಳಿಗಳಿಂದ ಸಕ್ಕರೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅನ್ನಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಸಾರಜನಕ ಮತ್ತು ರಂಜಕಕ್ಕೆ. ಏಕೆ ಎಂಬುದಕ್ಕೆ ಆ ಮುರಕಲ್ಲನ್ನೇ ಕೇಳಬೇಕು.

ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಕಥನದಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಆ ಹೆಸರನ್ನು ಮಾಡಿದ. ಮನೆ ಕಟ್ಟಲು ಇಟ್ಟಿಗೆಯಂತೆ ಕಡಿದು ತೆಗೆಯುವ ಕಲ್ಲಲ್ಲವೆ! ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಇಂಥ ಮಳೆ ಲಕ್ಷಾಂತರ ವರ್ಷ ತೊಳೆದು ತೊಳೆದು ಕರಗುವುದನ್ನೆಲ್ಲ ಒಯ್ದಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಮ್. ಅಲ್ಪಸ್ವಲ್ಪ ರಂಜಕವಿದ್ದರೂ ಕಬ್ಬಿಣ ಅದನ್ನು ಗಟ್ಟಿಯಾಗಿ ಹಿಡಿದಿಟ್ಟು ಬೇರಿಗೆ ಬಿಟ್ಟುಕೊಡುವುದಿಲ್ಲ. ಕಲ್ಲಿನ ಮೇಲೆ ಎರಡು ಬೆರಳು ಮಣ್ಣು, ಅದರಲ್ಲಿ ಮೂರು ತಿಂಗಳು ನಿಂತ ನೀರು. ನಿಂತ ನೀರಿನಲ್ಲಿ ಸಾರಜನಕವೂ ಉಳಿಯದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡಗಳಿಗೆ ಅದನ್ನು ನೇರವಾಗಿ ಬಳಸಲು ಬಾರದು. ಉದ್ದು, ಹೆಸರಿನ ಜಾತಿಯ ಗಿಡಗಳು ಬೇರಿನಲ್ಲಿ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು ಆ ಕೆಲಸ ಮಾಡಿಸಿಕೊಂಡವು. ಇಬ್ಬನಿ ಗಿಡ ಹಾರುವ ಹುಳದ ಮೈಯಲ್ಲಿರುವ ಸಾರಜನಕಕ್ಕೆ ಬಲೆ ಬೀಸಿತು. ಅದರ ಬೇರುಗಳು ಎಷ್ಟು ದುರ್ಬಲವೆಂದರೆ ನೀರು ಕುಡಿಯುವುದಕ್ಕೂ ಗಿಡವನ್ನು ನಿಲ್ಲಿಸುವುದಕ್ಕೂ ಅಷ್ಟೇ ಸಾಕು.

ಅದೇ ನೀರಿನಲ್ಲಿ ಅದಕ್ಕೆ ನೆಂಟರಿದ್ದಾರೆ. ನೀಲಿ ಅಥವಾ ಹಳದಿ ಪುಟ್ಟ ಹೂಗಳ ಯುಟ್ರಿಕುಲೇರಿಯ ನೋಡಲು ತೀರಾ ಸಾಧು. ಆದರೆ ಕೆಸರಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳನ್ನಿಟ್ಟುಕೊಂಡು ನೀರಿನ ಸೂಕ್ಷ್ಮಜೀವಿಗಳನ್ನು ಕಣ್ಣೆವೆ ಇಕ್ಕುವುದರೊಳಗೆ ಎಳೆದುಕೊಳ್ಳುತ್ತದೆ. ಅದರ ಒಂದು ಜಾತಿಯ ನೀಲಿ ಹೂವನ್ನು ಗಡಿಯಾಚೆ ಕೇರಳದಲ್ಲಿ ಕಾಕ್ಕಪ್ಪೂವು ಎಂದು ಕರೆದು ಓಣಂ ಹೂವಿನ ರಂಗೋಲಿಗೆ ಬಳಸುತ್ತಾರೆ. ಹೂವಿನ ರಂಗೋಲಿ ಇಡುವ ಮಕ್ಕಳಿಗೆ ತಮ್ಮ ಕೈಯಲ್ಲಿರುವುದು ಮಾಂಸಾಹಾರಿಯ ಹೂ ಎಂದು ಗೊತ್ತಿರಲಾರದು!

ಇನ್ನು ಸಾಕುವ ವಿಷಯ. ನನ್ನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಓದುತ್ತಿದ್ದಾಗ ಇಂಥದೇ ಒಂದು ಪದವಿನಿಂದ ನಾಲ್ಕು ಗಿಡ ಕಿತ್ತು ಮನೆಗೆ ತಂದೆ. ಬಡಪಾಯಿ ಗಿಡ, ಚೆನ್ನಾಗಿ ನೋಡಿಕೊಳ್ಳೋಣ ಎಂದು ಕುಂಡಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ, ನೆರಳಿನ ಜಗಲಿಯಲ್ಲಿಟ್ಟು, ಮೀನಿನ ಚೂರನ್ನೂ ಎಲೆಗೆ ಅಂಟಿಸಿದೆ. ಮೀನು ಕೊಳೆತು ಎಲೆ ಕಪ್ಪಾಯಿತು. ಒಂದು ವಾರದಲ್ಲಿ ನಾಲ್ಕೂ ಸತ್ತವು. ಬದನೆ ಗಿಡಕ್ಕೆ ಮಾಡುವ ಉಪಚಾರ ಇದಕ್ಕೆ ವಿಷವಾಯಿತು. ಬೂದಿ ಬೆರೆತ ಸುಡುಮಣ್ಣಿನ ಕ್ಷಾರವನ್ನು, ಗೊಬ್ಬರದ ಲವಣವನ್ನು ಆ ಬೇರು ತಾಳಲಾರದು. ಪದವಿನಲ್ಲೂ ಅಷ್ಟೆ: ಪಕ್ಕದ ತೋಟದ ಗೊಬ್ಬರದ ನೀರು ಹರಿದುಬಂದ ಕಡೆ ಹುಲ್ಲು ಸೊಕ್ಕಿ ಬೆಳೆದು ಇಬ್ಬನಿ ಗಿಡವನ್ನು ನೆರಳಿಗೆ ತಳ್ಳಿಬಿಡುತ್ತದೆ. ಬಡತನವೇ ಅದಕ್ಕೆ ಬೇಲಿ.

ಆದ್ದರಿಂದ ನೀವು ಬೆಳೆಸುವುದಾದರೆ ಗಿಡ ಕೀಳಬೇಡಿ. ಬೇರು ಕದಡಿದರೆ ಅದು ಬಹುಮಟ್ಟಿಗೆ ಉಳಿಯುವುದಿಲ್ಲ. ಬೀಜದಿಂದ ಬೆಳೆಸಿ. ಮಳೆ ಮುಗಿದ ಮೇಲೆ ಒಣಗಿದ ಕಾಯಿಗಳು ಒಡೆಯುವ ಹೊತ್ತಿಗೆ ಒಂದು ಕಾಗದವನ್ನು ಕೆಳಗೆ ಹಿಡಿದು ದಂಟನ್ನು ಮೆಲ್ಲಗೆ ತಟ್ಟಿದರೆ ಹುಡಿಯಂಥ ಕಪ್ಪು ಬೀಜಗಳು ಉದುರುತ್ತವೆ. ಒಂದೆರಡು ಕಾಯಿಗಳದ್ದು ಸಾಕು. ಉಳಿದದ್ದು ಪದವಿಗೇ ಸೇರಲಿ. ಇವು ಒಂದು ವರ್ಷದ ಗಿಡಗಳು, ಮುಂದಿನ ವರ್ಷಕ್ಕೆ ಅಲ್ಲಿ ಬೇರೆ ಬಂಡವಾಳವಿಲ್ಲ.

ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿ ಮಣ್ಣಿನ ಕುಂಡಕ್ಕಿಂತ ಒಳ್ಳೆಯದು, ಏಕೆಂದರೆ ಮಣ್ಣಿನ ಕುಂಡ ಲವಣವನ್ನು ಹಿಡಿದಿಡುತ್ತದೆ. ಅದಕ್ಕೆ ಚೆನ್ನಾಗಿ ತೊಳೆದ ಹೊಳೆಯ ಮರಳು ಒಂದು ಪಾಲು, ತೆಂಗಿನ ನಾರಿನ ಹುಡಿ ಒಂದು ಪಾಲು. ನಾರಿನ ಹುಡಿಯಲ್ಲಿ ಉಪ್ಪಿನಂಶ ಇರುವುದುಂಟು; ಮಳೆನೀರಿನಲ್ಲಿ ನಾಲ್ಕೈದು ಸಲ ನೆನೆಸಿ ಹಿಂಡಿ ತೆಗೆಯಿರಿ. ಸಮುದ್ರದ ಮರಳು ಕೂಡದು, ಚಿಪ್ಪಿನ ಸುಣ್ಣವೂ ಉಪ್ಪೂ ಎರಡೂ ಅದರಲ್ಲಿವೆ. ಬೀಜವನ್ನು ಮೇಲ್ಮೈಯಲ್ಲೇ ಉದುರಿಸಿ, ಮಣ್ಣು ಮುಚ್ಚಬೇಡಿ. ಮೊಳೆಯಲು ಬೆಳಕು ಬೇಕು. ಬರ್ಮಾನಿ ಸುಲಭವಾಗಿ ಮೊಳೆಯುತ್ತದೆ. ಇಂಡಿಕ ಹಟಮಾರಿ, ಒಂದು ಬೇಸಗೆಯ ಒಣ ಬಿಸಿಯನ್ನು ಉಂಡ ಬೀಜ ಮೇಲು. ಡಬ್ಬಿಯನ್ನು ಒಂದಿಂಚು ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ, ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವಲ್ಲಿ ಇಡಿ. ಎಲೆ ಹಸಿರಾಗಿಯೇ ಉಳಿದು ಹನಿ ಕಡಿಮೆಯಾದರೆ ಬಿಸಿಲು ಸಾಲದು ಎಂದರ್ಥ. ಒಳ್ಳೆಯ ಬಿಸಿಲಿನಲ್ಲಿ ಅದು ಕೆಂಪಗಾಗಿ ಮಿನುಗುತ್ತದೆ. ಮಳೆಗೆ ಅಂಟು ತೊಳೆದುಹೋದರೆ ಗಾಬರಿ ಬೇಡ, ಮತ್ತೆ ಒಸರುತ್ತದೆ.

ನೀರಿನ ವಿಚಾರದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ಮಳೆನೀರೇ ಶ್ರೇಷ್ಠ. ಕರಾವಳಿಯ ಮುರಕಲ್ಲಿನ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಅದೂ ನಡೆದೀತು. ಬಯಲುಸೀಮೆಯ ವಿದ್ಯಾರ್ಥಿಗಳು ಕೊಳವೆಬಾವಿಯ ಗಡಸು ನೀರನ್ನು ಹಾಕಲೇಬಾರದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದೀತು. ಅಡಿಕೆ ತೋಟದವರಿಗೆ ಇನ್ನೊಂದು ಮಾತು: ಕೊಳೆರೋಗಕ್ಕೆ ಮದ್ದು ಬಿಡುವ ದಿನ ಡಬ್ಬಿಯನ್ನು ಮರದಡಿಯಿಂದ ಎತ್ತಿಡಿ. ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತು ಮತ್ತು ಸುಣ್ಣ.

ಊಟ? ಹೊರಗಿಟ್ಟ ಗಿಡ ತನ್ನ ಊಟವನ್ನು ತಾನೇ ಹಿಡಿಯುತ್ತದೆ. ಫ್ರಾನ್ಸಿಸ್ ಡಾರ್ವಿನನ ಉಪವಾಸದ ಗಿಡಗಳೇ ಬದುಕಿದ್ದವು ಎಂಬುದು ನೆನಪಿದೆಯಲ್ಲ. ಪ್ರಯೋಗಕ್ಕೆಂದು ಒಂದು ಎಲೆಗೆ ಸಾಸಿವೆಯ ಕಾಲುಭಾಗದಷ್ಟು ಬೇಯಿಸಿದ ಮೊಟ್ಟೆಯ ಬಿಳಿ, ಇನ್ನೊಂದಕ್ಕೆ ಒಂದು ಕಣ ಮರಳು, ಮೂರನೆಯದಕ್ಕೆ ಒಂದು ಹನಿ ನೀರು ಇಟ್ಟು, ಗಡಿಯಾರ ನೋಡಿಕೊಂಡು ಮೂರು ದಿನ ಟಿಪ್ಪಣಿ ಬರೆಯಿರಿ. ಅದಕ್ಕಿಂತ ಹೆಚ್ಚು ತಿನ್ನಿಸಬೇಡಿ. ಮನೆಯ ನುಸಿಯನ್ನೆಲ್ಲ ಇದು ಹಿಡಿದುಬಿಡುತ್ತದೆ ಎಂಬ ಆಸೆಯೂ ಬೇಡ. ದಿನಕ್ಕೆ ಒಂದೆರಡು ಹಿಡಿದರೆ ಅದಕ್ಕೆ ಹಬ್ಬ. ಹಾಗೆಯೇ 1874ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಮಡಗಾಸ್ಕರಿನಲ್ಲಿ ಮನುಷ್ಯರನ್ನು ತಿನ್ನುವ ಮರವಿದೆಯೆಂದು ಕಥೆ ಕಟ್ಟಿತ್ತು. ಅಂಥ ಮರ ಎಲ್ಲಿಯೂ ಇಲ್ಲ. ಇಬ್ಬನಿ ಗಿಡವನ್ನು ನೀವು ಧೈರ್ಯವಾಗಿ ಬೆರಳಿನಿಂದ ಮುಟ್ಟಬಹುದು.

ಡಬ್ಬಿಯಲ್ಲಿ ಬೆಳೆಸಿದ ಮಾತ್ರಕ್ಕೆ ಗಿಡ ಉಳಿಯಿತು ಎಂದುಕೊಳ್ಳಬೇಡಿ. ಮಹಾರಾಷ್ಟ್ರದ ಸಾತಾರಾ ಬಳಿ ಕಾಸ್ ಎಂಬ ಪದವು ಇದೆ. ಅದೂ ಮುರಕಲ್ಲಿನದೇ, ಅಲ್ಲೂ ಇಂಡಿಕ, ಬರ್ಮಾನಿ ಎರಡೂ ಇವೆ. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಆರಿಸಿದ 39 ತಾಣಗಳಲ್ಲಿ ಕಾಸ್ ಕೂಡ ಒಂದು. ಹೂವಿನ ಕಾಲದಲ್ಲಿ ಜನ ಟಿಕೆಟ್ ಪಡೆದು ಅದನ್ನು ನೋಡಲು ಹೋಗುತ್ತಾರೆ. ನಮ್ಮ ಕಡೆಯ ಸಣ್ಣಪುಟ್ಟ ಪದವುಗಳಿಗೆ ಆ ಭಾಗ್ಯವಿಲ್ಲ. ಕೆಲವು ಕಲ್ಲಿನ ಕೋರೆಗಳಾಗಿವೆ, ಕೆಲವು ರಬ್ಬರು ತೋಟಗಳಾಗಿವೆ, ಕೆಲವು ಜೆಸಿಬಿಯಿಂದ ಸಮತಟ್ಟಾಗಿ ಮನೆ ನಿವೇಶನಗಳಾಗಿವೆ. ಮನೆಗೆ ಕಲ್ಲು ಬೇಕು, ಬೆಳೆಗಾರನಿಗೆ ತೋಟ ಬೇಕು, ಅದನ್ನು ತಪ್ಪೆನ್ನಲಾಗದು. ತೊಂದರೆ ಬೇರೆಡೆ ಇದೆ. ಜಾಗ ನೋಡಲು, ಅಳೆಯಲು ಜನ ಬರುವುದು ಮಾರ್ಚ್, ಏಪ್ರಿಲಿನಲ್ಲಿ. ರಸ್ತೆ ಒಣಗಿ ಲಾರಿ ಹತ್ತುವ ಕಾಲದಲ್ಲಿ. ಆಗ ಆ ಕಲ್ಲಿನ ಮೇಲೆ ಸುಟ್ಟ ಹುಲ್ಲಲ್ಲದೆ ಏನೂ ಕಾಣುವುದಿಲ್ಲ. ಇಬ್ಬನಿ ಗಿಡದ ಆ ವರ್ಷದ ಸಂತಾನವೆಲ್ಲ ಹುಡಿಯಾಗಿ ಕಲ್ಲಿನ ಬಿರುಕುಗಳಲ್ಲಿ ಮಲಗಿರುತ್ತದೆ. ಹಾಗಾಗಿ ನಿಮ್ಮ ಊರಿನ ಪದವಿಗೆ ಸೋಣ ತಿಂಗಳಲ್ಲಿ ಒಮ್ಮೆ ಹೋಗಿ, ಏನೇನು ಇದೆಯೆಂದು ಎಣಿಸಿ, ತಾರೀಕಿನೊಡನೆ ಬರೆದು, ಚಿತ್ರ ತೆಗೆದು ನಿಮ್ಮ ಶಾಲೆ, ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ಒಪ್ಪಿಸಿ. ಏಪ್ರಿಲಿನಲ್ಲಿ ಇಲ್ಲಿ ಏನೂ ಇಲ್ಲ ಎಂದವರಿಗೆ ತೋರಿಸಲು ಬೇರೆ ದಾಖಲೆ ಸಿಗುವುದು ಕಷ್ಟ.

ನಿಮ್ಮ ಡಬ್ಬಿಯಲ್ಲೂ ಹೀಗೆಯೇ ಆಗುತ್ತದೆ. ಜನವರಿ, ಫೆಬ್ರವರಿಯ ಹೊತ್ತಿಗೆ ಗಿಡ ಕಪ್ಪಾಗಿ ಒಣಗಿ ಬೀಳುತ್ತದೆ. ನೀವು ಏನೋ ತಪ್ಪು ಮಾಡಿದಿರೆಂದಲ್ಲ, ಅದರ ಆಯುಷ್ಯವೇ ಅಷ್ಟು. ಸತ್ತಿತೆಂದು ಮಣ್ಣನ್ನು ಚೆಲ್ಲಿಬಿಡಬೇಡಿ. ಬೀಜ ಉದುರಿದ ಆ ಡಬ್ಬಿಯನ್ನು ಹಾಗೆಯೇ ಒಣಗಲು ಬಿಟ್ಟು ಮಾಡಿನ ಕೆಳಗೆ ಒಂದು ಮೂಲೆಯಲ್ಲಿಡಿ. ಮಳೆ ಹಿಡಿದ ಮೇಲೆ ಹೊರಗೆ ತಂದಿಟ್ಟು, ಮೇಲ್ಮಣ್ಣನ್ನು ಆಗಾಗ ಕೈಮಸೂರದಲ್ಲಿ ನೋಡುತ್ತಿರಿ. ಮೊದಲು ಕಾಣುವುದು ಸೂಜಿಮೊನೆಯಷ್ಟು ಹಸಿರು. ಕೆಲವು ದಿನಗಳಲ್ಲಿ ಅದರ ಮೇಲೆ ಒಂದು ಹನಿ.